ಶರ್ಟ್ ಹೊಲಿಯಲು ಬಿಳಿ ಜಿಗ್‌ಜಾಗ್ ಮಷಿನ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ನಾನು ಈ ಮಷಿನ್ ತಗೊಂಡಿದ್ದೇ ಕಾಜಾ ಸಲುವಾಗಿ, ಅಂದರೆ ಗುಂಡಿ ತೂರಿಸುವ ತೂತಿನ ಸಲುವಾಗಿ. ಅಮ್ಮನ ಕಾಲದ ಕಪ್ಪು ಮಷಿನ್ ಮನೆಯಲ್ಲಿತ್ತು, ಈಗಲೂ ಇದೆ. ಕಾಲಲ್ಲಿ ತುಳಿಯುವಂಥದ್ದು. ನೇರ ಹೊಲಿಗೆ ಅದರಷ್ಟು ಚೆಂದ ಹಾಕುವ ಮಷಿನ್ ನಾನು ನೋಡಿಲ್ಲ. ಆದರೆ ಶರ್ಟ್ ಪೂರ್ತಿ ಹೊಲಿದ ಮೇಲೆ ಕಾಜಾ ಹಾಕಿಸಲು ನಮ್ಮ ದಾವಣಗೆರೆಯ ಚೌಕಿಪೇಟೆಗೆ ಹೋಗಬೇಕಿತ್ತು, ಅಲ್ಲಿ ಕಾಜಾದವರು ಟೈಲರ್ ಅಂಗಡಿಗಳಿಂದ ಬಂದ ಕಟ್ಟುಗಳನ್ನೆಲ್ಲ ಮುಗಿಸಿ ನನ್ನ ಒಂದೇ ಒಂದು ಶರ್ಟನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ವಾರ ಕಳೆದಿರುತ್ತಿತ್ತು. ದುರ್ಗಾಂಬಿಕಾ ಜಾತ್ರೆಯೋ ದೀಪಾವಳಿಯೋ ಹತ್ತಿರ ಬಂದರಂತೂ ಕೇಳೋದೇ ಬೇಡ. ಅವರ ತಪ್ಪೇನಿಲ್ಲ, ಅದು ಅವರ ಅನ್ನ. ಹವ್ಯಾಸಕ್ಕೆ ಹೊಲಿಯುವವನ ಶರ್ಟು ಕೊನೆಗೇ ನಿಲ್ಲಬೇಕು.

ಹಾಗಾಗಿ ಕೊರೊನಾ ಲಾಕ್‌ಡೌನ್‌ಗಳು ಮುಗಿದ ಮೇಲೆ ಕರೆಂಟಿನ ಮೇಲೆ ಓಡುವ ಬಿಳಿ ಜಿಗ್‌ಜಾಗ್ ಮಷಿನ್ ತಂದೆ. ಆಗ 11,000 ರೂಪಾಯಿ ಆಸುಪಾಸು ಕೊಟ್ಟ ನೆನಪು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ಬೆಲೆಯ ಬಿಳಿ ಮಷಿನ್‌ಗಳ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ ತರಹ. ಮುಂದೆ ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ), ಮೇಲೆ ಹೊಲಿಗೆ ಆರಿಸುವ ತಿರುಪು, ನಾಲ್ಕು ಹಂತದ ಕಾಜಾ, ಕೆಳಗೆ ಕಾಲಿನ ಪೆಡಲ್. ಆರು ಕಿಲೋ ಸುಮಾರು ತೂಕ. ಕೆಲಸ ಮುಗಿದ ಮೇಲೆ ಎತ್ತಿ ಸಜ್ಜೆ ಮೇಲೆ ಇಡಬಹುದು. ಬಾಡಿಗೆ ಮನೆಯಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ.

ಈಗ ಕಾಜಾ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಮಷಿನ್ ಮಾರುವವರು ಇದನ್ನು ಅರ್ಧ ನಿಮಿಷದಲ್ಲಿ ತೋರಿಸಿ ಮುಗಿಸುತ್ತಾರೆ. ನಾಲ್ಕು ಹಂತ ಅಂದರೆ ಎರಡು ಪಕ್ಕಕ್ಕೆ ಒತ್ತೊತ್ತಾದ ಎರಡು ಸಾಲು, ಎರಡು ತುದಿಗೆ ಎರಡು ಕಟ್ಟು. ಪ್ರತಿ ಹಂತಕ್ಕೂ ತಿರುಪು ನಾವೇ ತಿರುಗಿಸಬೇಕು. ತಿರುಗಿಸುವ ಮುಂಚೆ ಸೂಜಿ ಬಟ್ಟೆಯಿಂದ ಮೇಲೆ ಬಂದಿರಲೇಬೇಕು, ಒಳಗಿದ್ದಾಗ ತಿರುಗಿಸಿದರೆ ಸೂಜಿ ಬಾಗುತ್ತದೆ. ಶರ್ಟಿನ ಸಾಮಾನ್ಯ ಗುಂಡಿ 11 ಮಿಲಿಮೀಟರ್ ಚಿಲ್ಲರೆ ಅಗಲ ಇರುತ್ತದೆ. ಕಾಜಾ ಅದಕ್ಕಿಂತ ಎರಡು ಮಿಲಿಮೀಟರ್ ಉದ್ದ ಇರಲಿ, ಗುಂಡಿಯ ದಪ್ಪಕ್ಕೂ ಜಾಗ ಬೇಕಲ್ಲ. ಶರ್ಟಿನ ಎದೆಯ ಮೇಲಿನ ಗುಂಡಿ ಪಟ್ಟಿಯಲ್ಲಿ ಕಾಜಾ ಉದ್ದಕ್ಕೆ ನಿಲ್ಲುತ್ತದೆ, ಕಾಲರ್ ಪಟ್ಟಿ ಮತ್ತು ಕಫ್‌ನಲ್ಲಿ ಅಡ್ಡಕ್ಕೆ ಮಲಗುತ್ತದೆ. ಕೈಯಲ್ಲಿರುವ ಒಳ್ಳೆ ಶರ್ಟ್ ಒಂದನ್ನು ತೆಗೆದು ನೋಡಿ, ಎಲ್ಲ ಕಡೆ ಹೀಗೇ ಇರುತ್ತದೆ.

ಇಲ್ಲೊಂದು ಕೊರತೆ ಇದೆ. ಒಂದು ಪಕ್ಕದ ಸಾಲನ್ನು ಮಷಿನ್ ಮುಂದಕ್ಕೆ ಹೋಗುತ್ತಾ ಹಾಕುತ್ತದೆ, ಇನ್ನೊಂದನ್ನು ಹಿಂದಕ್ಕೆ ಬರುತ್ತಾ ಹಾಕುತ್ತದೆ. ಬಟ್ಟೆ ಎಳೆಯುವ ಹಲ್ಲು ಎರಡೂ ಕಡೆ ಒಂದೇ ಸಮ ಎಳೆಯುವುದಿಲ್ಲ. ಅದಕ್ಕೇ ಒಂದು ಸಾಲು ಒತ್ತಾಗಿ, ಇನ್ನೊಂದು ಬಿಡಿಬಿಡಿಯಾಗಿ ಬೀಳುತ್ತದೆ. ತೆಳು ವಾಯಿಲ್ ಬಟ್ಟೆಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಪಟ್ಟಿಯ ಒಳಗೆ ತೆಳುವಾದ ಕ್ಯಾನ್ವಾಸ್ ಅಂಟಿಸಿ, ಅಡಿಗೆ ಒಂದು ಬಿಳಿ ಕಾಗದ ಇಟ್ಟು ಹೊಲಿದರೆ ಸುಮಾರು ಸರಿಹೋಗುತ್ತದೆ, ಕಾಗದ ಆಮೇಲೆ ಹರಿದು ತೆಗೆದರಾಯಿತು. ಅದೇ ಬಟ್ಟೆಯ ತುಂಡನ್ನು ಅಷ್ಟೇ ಪದರ ಮಾಡಿ ಒಂದು ಕಾಜಾ ಹಾಕಿ ನೋಡದೆ ನಾನು ಶರ್ಟಿಗೆ ಕೈ ಹಚ್ಚುವುದಿಲ್ಲ. ಕೊನೆಗೆ ಹೊಲಿಗೆ ಬಿಚ್ಚುವ ರಿಪ್ಪರ್‌ನಿಂದ ಮಧ್ಯೆ ಸೀಳುವಾಗ ಎರಡೂ ತುದಿಗೆ ಗುಂಡುಸೂಜಿ ಚುಚ್ಚಿಡಿ, ಆಗ ಕಟ್ಟು ಕತ್ತರಿಸಿ ಹೋಗುವುದಿಲ್ಲ. ಇಷ್ಟು ಮಾಡಿದರೆ ಈ ಮಷಿನ್ನಿನ ಕಾಜಾ ಒಗೆದು ಒಗೆದು ಬಟ್ಟೆ ಸವೆದರೂ ಬಿಚ್ಚುವುದಿಲ್ಲ. ನನ್ನ ಹಳೇ ಶರ್ಟುಗಳೇ ಸಾಕ್ಷಿ.

ಕಾಜಾ ಬಿಟ್ಟರೆ ನನಗೆ ಉಪಯೋಗಕ್ಕೆ ಬಂದಿದ್ದು ಜಿಗ್‌ಜಾಗ್, ಅಂದರೆ ಅಂಕುಡೊಂಕು ಹೊಲಿಗೆ. ಓವರ್‌ಲಾಕ್ ಮಷಿನ್ನಿನಷ್ಟು ನೀಟಾಗಿ ಅಂಚು ಕೂರುವುದಿಲ್ಲ, ಅದು ನಿಜ, ಆದರೆ ದಾರ ಬಿಡುವ ಬಟ್ಟೆಯ ಅಂಚು ನಿಲ್ಲುತ್ತದೆ. ಶರ್ಟಿಗಾದರೆ ಪಕ್ಕದ ಹೊಲಿಗೆಯನ್ನು ಮಡಚಿ ಎರಡು ಸಲ ಹೊಲಿಯುವ ಹಳೇ ಪದ್ಧತಿಯೇ ಚೆಂದ, ಒಳಗಡೆಯೂ ಅಂಚು ಕಾಣಿಸುವುದಿಲ್ಲ. ಉಳಿದ ಹೂವು, ಬಳ್ಳಿ, ಎಲೆ ಹೊಲಿಗೆಗಳನ್ನು ನಾನು ಬಳಸಿಯೇ ಇಲ್ಲ ಅನ್ನಬಹುದು. ಹೊಲಿಗೆಗಳ ಸಂಖ್ಯೆ ಜಾಸ್ತಿ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಹೊಸದಾಗಿ ತಗೊಂಡವರೆಲ್ಲ ಮೊದಲು ದೂರುವುದು ಒಂದನ್ನೇ: ಬಟ್ಟೆಯ ಕೆಳಗೆ ದಾರ ಗಂಟುಗಂಟಾಗಿ ಗೋಜಲಾಗುತ್ತದೆ ಅಂತ. ಗಂಟು ಕೆಳಗೆ ಬಂದಿದೆ ಅಂತ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ಕಾರಣ ಇರುವುದು ಮೇಲಿನ ದಾರದಲ್ಲಿ. ಬಟ್ಟೆ ಒತ್ತಿ ಹಿಡಿಯುವ ಫೂಟ್ ಕೆಳಗೆ ಇಳಿಸಿದ್ದಾಗ ಮೇಲಿನ ದಾರ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ. ಆಗ ದಾರ ಪೋಣಿಸಿದರೆ ಅದು ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ, ಮೇಲಿಂದ ಹಿಡಿತವಿಲ್ಲದೆ ಸಡಿಲವಾಗಿ ಹರಿದು ಕೆಳಗೆ ಗುಡ್ಡೆ ಬೀಳುತ್ತದೆ. ಫೂಟ್ ಮೇಲೆತ್ತಿ, ಮೊದಲಿನಿಂದ ಮತ್ತೆ ಪೋಣಿಸಿ. ಹತ್ತರಲ್ಲಿ ಎಂಟು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನೊಂದು ಸೂಜಿ. ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿದೆ ಅಂತ ಪೇಟೆಯ ರಿಪೇರಿಯವರ ಹತ್ತಿರ ತಗೊಂಡು ಹೋದಾಗ ಅವರು ಮಷಿನ್ ಮುಟ್ಟಲೇ ಇಲ್ಲ. ಸೂಜಿ ತೆಗೆದು ಉಗುರಿನ ಮೇಲೆ ತುದಿ ಎಳೆದು ನೋಡಿ, "ಮಷಿನ್ ಚಲೋ ಐತಿ ಸಾರ್, ಸೂಜಿ ಮೊಂಡಾಗೈತಿ" ಅಂದರು. ಉಗುರಿನ ಮೇಲೆ ಸಣ್ಣ ಗೀರು ಬಿದ್ದಿತ್ತು. ತುದಿ ಸರಿ ಇರುವ ಸೂಜಿ ಹಾಗೆ ಗೀರುವುದಿಲ್ಲವಂತೆ. ಅವರು ದುಡ್ಡೂ ತಗೊಳ್ಳಲಿಲ್ಲ. ಮಲ್‌ಮಲ್, ವಾಯಿಲ್‌ಗೆ 9 ಅಥವಾ 11ನೇ ನಂಬರ್, ಪಾಪ್ಲಿನ್ ಶರ್ಟಿಗೆ 11 ಅಥವಾ 14, ಜೀನ್ಸಿಗೆ 16. ಬನಿಯನ್, ಟೀ ಶರ್ಟಿನ ಹೊಸೈರಿ ಬಟ್ಟೆಗೆ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿಯೇ ಬೇಕು, ಚೂಪು ಸೂಜಿ ಹೆಣಿಗೆಯ ಎಳೆ ಕತ್ತರಿಸುತ್ತದೆ. ಈ ಮಷಿನ್‌ಗೆ ಸೂಜಿಯ ಚಪ್ಪಟೆ ಬದಿ ಹಿಂದಕ್ಕೆ ಬರಬೇಕು. ಕಪ್ಪು ಮಷಿನ್‌ನಲ್ಲಿ ಅಭ್ಯಾಸ ಇದ್ದವರು ಇದನ್ನು ಗಮನಿಸಿ, ಅಲ್ಲಿ ಪಕ್ಕಕ್ಕೆ ಇರುತ್ತದೆ.

ಬಟ್ಟೆ ಬಗ್ಗೆ ಬರೆಯದೆ ಇರೋಕೆ ಆಗಲ್ಲ. ದಾವಣಗೆರೆ ಹತ್ತಿ ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಮಿಲ್ಲುಗಳ ಆ ಕಾಲ ಹೋಯಿತು. ಆದರೆ ಬಟ್ಟೆ ಮುಟ್ಟಿ ಗುಣ ಹೇಳುವ ಹಿರಿಯರು ಇನ್ನೂ ಇದ್ದಾರೆ. ನಮ್ಮ ಬೀದಿಯಲ್ಲಿ ಮಿಲ್ಲಿನಲ್ಲಿ ದುಡಿದ ಒಬ್ಬ ತಾತ ಇದ್ದಾರೆ, ಅವರೇ ನನಗೆ ಎಳೆ ಸುಟ್ಟು ನೋಡುವುದನ್ನು ಹೇಳಿಕೊಟ್ಟಿದ್ದು. ಬಟ್ಟೆಯ ಅಂಚಿನಿಂದ ಎರಡು ಎಳೆ ತೆಗೆದು ಬೆಂಕಿ ಕಡ್ಡಿ ಹಿಡಿಯಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಉಳಿಯುವ ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಗೆ ಗಟ್ಟಿ ಮಣಿ ಕಟ್ಟುತ್ತದೆ. ಎರಡೂ ಸೇರಿದ್ದರೆ ಸ್ವಲ್ಪ ಬೂದಿ, ಸ್ವಲ್ಪ ಮಣಿ. ಅಂಗಡಿಯಲ್ಲಿ "ಪ್ಯೂರ್ ಕಾಟನ್" ಅಂದಿದ್ದನ್ನು ಮನೆಗೆ ತಂದು ಪರೀಕ್ಷೆ ಮಾಡಿದರೆ ಎಷ್ಟೋ ಸಲ ಮಣಿ ಸಿಕ್ಕಿದೆ. ಏಪ್ರಿಲ್‌ನಲ್ಲಿ ನಮ್ಮೂರಿನ ಬಿಸಿಲಿಗೆ ಆ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ.

ಹತ್ತಿ ಬಟ್ಟೆಯನ್ನು ಕತ್ತರಿಸುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ತುಂಬು ತೋಳಿನ ಶರ್ಟಿಗೆ 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ 1.60 ಮೀಟರ್ ಅಂತಾರೆ, ನಾನು ಕುಗ್ಗುವುದಕ್ಕೆ ಅಂತ 1.75 ತರುತ್ತೇನೆ.

ಹತ್ತಿಯ ಇನ್ನೊಂದು ಗುಣ, ಅದು ಧೂಳು ಬಿಡುತ್ತದೆ. ಸೂಜಿಯ ಕೆಳಗಿನ ಪ್ಲೇಟಿಗೆ ಎರಡು ಸ್ಕ್ರೂ ಇರುತ್ತವೆ, ಬಿಚ್ಚಿ ನೋಡಿ. ಹಲ್ಲುಗಳ ಸಂದಿನಲ್ಲಿ ಧೂಳು ಒತ್ತಿ ಒತ್ತಿ ಹಳೇ ಹಾಸಿಗೆಯ ಹತ್ತಿಯ ಹಾಗೆ ಗಡ್ಡೆಕಟ್ಟಿರುತ್ತದೆ, ಸೂಜಿ ತುದಿಯಿಂದ ಎಬ್ಬಿಸಿದರೆ ಹಲ್ಲಿನ ಅಚ್ಚು ಮೂಡಿದ ಪಟ್ಟಿಯೇ ಎದ್ದು ಬರುತ್ತದೆ. ಅದು ಇದ್ದಾಗ ಹಲ್ಲು ಪೂರ್ತಿ ಮೇಲೆ ಬರುವುದಿಲ್ಲ, ಬಟ್ಟೆ ಮುಂದಕ್ಕೆ ಹೋಗುವುದಿಲ್ಲ, ಹೊಲಿಗೆ ಸಣ್ಣದಾಗುತ್ತದೆ. ನಾನು ಪ್ರತಿ ಶರ್ಟ್ ಮುಗಿದ ಮೇಲೆ ಬಣ್ಣ ಹಚ್ಚುವ ಬ್ರಷ್‌ನಿಂದ ಗುಡಿಸುತ್ತೇನೆ. ಬಾಯಿಂದ ಊದಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಎಣ್ಣೆ, ಬಾಬಿನ್ ಸುತ್ತ ತಿರುಗುವ ಶಟಲ್ ಓಡಾಡುವ ದಾರಿಗೆ ಒಂದು ಹನಿ ಸಾಕು, ಅದೂ ಮಷಿನ್ ಎಣ್ಣೆಯೇ. ಕೊಬ್ಬರಿ ಎಣ್ಣೆ ಬಿಟ್ಟವರ ಮಷಿನ್ ಜಿಡ್ಡು ಹಿಡಿದು ಬಿಗಿಯಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನು ಬೇಜಾರಾಗಿದ್ದು. ಕಾಲಿನ ಪೆಡಲ್ ಎರಡನೇ ವರ್ಷಕ್ಕೇ ಕೈಕೊಟ್ಟಿತು. ಒತ್ತಿದರೆ ಒಂದೋ ಪೂರ್ತಿ ವೇಗ, ಇಲ್ಲಾಂದ್ರೆ ಸುಮ್ನೆ ಗುಂಯ್ ಅನ್ನೋದು. ತಗೊಂಡ ಅಂಗಡಿಯವರು ಪಾರ್ಟ್ ಬೆಂಗಳೂರಿಂದ ಬರಬೇಕು ಅಂದರು. ಫೋನ್ ಮಾಡಿದಾಗೆಲ್ಲ ನಾಳೆ ನಾಳೆ. ಮಾರುವಾಗ ಮನೆಗೇ ಬಂದು ತೋರಿಸಿಕೊಟ್ಟವರು ಕೆಟ್ಟಾಗ ಫೋನ್ ಎತ್ತಲಿಲ್ಲ, ಅದು ನನಗೆ ನಿಜಕ್ಕೂ ನೋವಾಯಿತು. ಕೊನೆಗೆ ಸೂಜಿ ನೋಡಿದ ಅದೇ ರಿಪೇರಿಯವರು ಬೇರೆ ಪೆಡಲ್ ಹೊಂದಿಸಿಕೊಟ್ಟರು, ಇವತ್ತಿಗೂ ಓಡುತ್ತಿದೆ. ತಗೊಳ್ಳುವ ಮುಂಚೆ ನಿಮ್ಮೂರಿನಲ್ಲಿ ಬಿಳಿ ಮಷಿನ್ ಬಿಚ್ಚುವವರು ಯಾರಿದ್ದಾರೆ ಅಂತ ವಿಚಾರಿಸಿ. ಕಪ್ಪು ಮಷಿನ್ನಿಗೆ ಎಲ್ಲೆಲ್ಲೂ ಜನ ಸಿಗುತ್ತಾರೆ, ಇದಕ್ಕೆ ಹಾಗಲ್ಲ.

ದಪ್ಪ ಬಟ್ಟೆಗೂ ಇದು ಹೇಳಿ ಮಾಡಿಸಿದ್ದಲ್ಲ. ಜೀನ್ಸ್ ಪ್ಯಾಂಟಿನ ಕಾಲು ಮಡಚುವಾಗ ಪಕ್ಕದ ಹೊಲಿಗೆ ಬರುವ ಜಾಗದಲ್ಲಿ ಪದರ ಏರಿ ಮೋಟರ್ ನಿಂತುಬಿಡುತ್ತದೆ. ಆ ಜಾಗವನ್ನು ಮೊದಲೇ ಸುತ್ತಿಗೆಯಿಂದ ಮೆತ್ತಗೆ ಬಡಿದು, ಪಕ್ಕದ ಚಕ್ರ ಕೈಯಲ್ಲಿ ತಿರುಗಿಸಿ ದಾಟಿಸಬೇಕು. ಪೆಡಲ್ ಒತ್ತಿ ಹಿಡಿದು ಹಟ ಮಾಡಿದರೆ ಮೋಟರ್ ಸುಟ್ಟ ವಾಸನೆ ಬರುತ್ತದೆ. ಕರೆಂಟ್ ಹೋದರೆ ಕೆಲಸವೂ ನಿಂತಿತು. ಆಗ ನಾನು ಅಮ್ಮನ ಮಷಿನ್ ಮುಂದೆ ಕೂರುತ್ತೇನೆ, ಅದನ್ನು ಮಾರದೆ ಇಟ್ಟುಕೊಂಡಿದ್ದು ಒಳ್ಳೆಯದೇ ಆಯಿತು.

ಬ್ಲೌಸ್ ಹೊಲಿದು ಸಂಪಾದನೆ ಮಾಡೋಣ ಅನ್ನುವವರು ದಯವಿಟ್ಟು ಇದನ್ನು ತಗೊಳ್ಳಬೇಡಿ. ದಿನವಿಡೀ ಓಡುವುದಕ್ಕೆ ಮಾಡಿದ ಮಷಿನ್ ಇದಲ್ಲ. ಇದರ ವೇಗ ನಿಮಿಷಕ್ಕೆ 800 ಚಿಲ್ಲರೆ ಹೊಲಿಗೆ, ಗಾರ್ಮೆಂಟ್ಸ್ ಫ್ಯಾಕ್ಟರಿಯವು 5,000ದ ತನಕ ಹೋಗುತ್ತವೆ. ಕಬ್ಬಿಣದ ಮೈಯ ಟೈಲರ್ ಮಾಡೆಲ್ಲಿಗೆ ಮೋಟರ್ ಹಾಕಿಸಿಕೊಳ್ಳಿ. ಈಗಾಗಲೇ ಹೊಲಿಗೆ ಕಸುಬಿನಲ್ಲಿ ಇರುವವರಾದರೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಇದೆ. ತರಬೇತಿ ಜೊತೆಗೆ ಸಲಕರಣೆಗೆ 15,000 ರೂಪಾಯಿವರೆಗೆ ಕೊಡುತ್ತಾರೆ, ವಿಚಾರಿಸಿ ನೋಡಿ.

ನನ್ನ ಮಟ್ಟಿಗೆ ಇದು ಕೊಟ್ಟ ದುಡ್ಡಿಗೆ ಮೋಸ ಮಾಡಿಲ್ಲ. ನನ್ನ ಕೈ ಉದ್ದ. ರೆಡಿಮೇಡ್ ಶರ್ಟ್ ಹೆಗಲಿಗೆ ಸರಿಯಾದರೆ ತೋಳು ಗಿಡ್ಡ, ತೋಳು ಸರಿಯಾದರೆ ಹೆಗಲು ಇಳಿಬೀಳುತ್ತದೆ. ಚೆನ್ನಾಗಿ ಕೂರುತ್ತಿದ್ದ ಒಂದು ಹಳೇ ಶರ್ಟನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಕಂದು ಕಾಗದದ ಮೇಲೆ ಇಟ್ಟು ಗೆರೆ ಎಳೆದು, ತೋಳಿಗೆ ಒಂದೂವರೆ ಇಂಚು ಸೇರಿಸಿಕೊಂಡೆ. ಈಗ ಹಾಕುವ ಶರ್ಟುಗಳೆಲ್ಲ ಆ ಕಾಗದದಿಂದಲೇ ಬಂದವು. ಮಣಿಕಟ್ಟಿನ ಎಲುಬಿನ ಮೇಲೆ ಕಫ್ ಬಂದು ಕೂರುತ್ತದಲ್ಲ, ಅದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ಪೇಟೆಯ ಟೈಲರ್‌ಗಳು ಬಹಳಷ್ಟು ಗಂಡಸರೇ, ಆದರೂ ಮನೆಯಲ್ಲಿ ಗಂಡಸು ಮಷಿನ್ ಮುಂದೆ ಕೂತರೆ ಬಂದವರು "ಇದೇನಪ್ಪಾ" ಅಂತಾರೆ. ಅನ್ನಲಿ ಬಿಡಿ. ಆಸಕ್ತಿ ಇರುವ ಹುಡುಗರು ಆ ಮಾತಿಗೆ ಹಿಂಜರಿಯಬೇಡಿ.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ತಗೊಳ್ಳಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತಗೊಳ್ಳಬಹುದು. ಕೊಂಡು ಮೂಲೆಗಿಟ್ಟ ಮಷಿನ್‌ಗಳು ಬಹಳ ಮನೆಗಳಲ್ಲಿವೆ. ನೋಡಲು ಹೋಗುವಾಗ ನಿಮ್ಮದೇ ಹೊಸ ಸೂಜಿ, ಒಳ್ಳೆ ದಾರ, ಪಾಪ್ಲಿನ್ ತುಂಡು ತಗೊಂಡು ಹೋಗಿ. ಮೊದಲು ಕರೆಂಟ್ ಹಾಕದೆ ಪಕ್ಕದ ಚಕ್ರ ತಿರುಗಿಸಿ, ಎಲ್ಲೂ ಹಿಡಿಯಬಾರದು. ಬಾಬಿನ್ ಕೇಸ್ ತೆಗೆದು ಒಳಗೆ ತುಕ್ಕು ಇದೆಯಾ ನೋಡಿ. ಆಮೇಲೆ ನೇರ ಹೊಲಿಗೆ, ಜಿಗ್‌ಜಾಗ್, ಕೊನೆಗೆ ನಾಲ್ಕೂ ಹಂತದ ಒಂದು ಪೂರ್ತಿ ಕಾಜಾ ಅಲ್ಲೇ ಹಾಕಿಸಿ ನೋಡಿ. ಕಾಜಾ ಫೂಟ್ ಕಳೆದುಹೋಗಿದೆ ಅಂದರೆ ಬೆಲೆ ಇಳಿಸಿ ಕೇಳಿ, ಅದನ್ನು ಬೇರೆ ಕೊಳ್ಳಬೇಕಾಗುತ್ತದೆ.