ಬಾಳೆಕಂದೋ, ಬೂಸಾವೋ: ಎರಡು ಪ್ರಾಜೆಕ್ಟ್ ಮಾಡಿದವಳ ಹೋಲಿಕೆ

ಎಂ.ಎಸ್ಸಿ ಬಯೋಟೆಕ್ನಾಲಜಿಯ ಪ್ರಾಜೆಕ್ಟಿಗೆ ನನ್ನ ಮುಂದೆ ಎರಡು ದಾರಿ ಇತ್ತು. ಗಿಡದ ಕಡೆ ಟಿಶ್ಯೂ ಕಲ್ಚರ್, ಅಂದರೆ ಗಿಡದ ತುಂಡಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವುದು. ಕಾರ್ಖಾನೆಯ ಕಡೆ ಫರ್ಮೆಂಟೇಶನ್, ಅಂದರೆ ಸೂಕ್ಷ್ಮಜೀವಿ ಬೆಳೆಸಿ ಅದರಿಂದ ಬೇಕಾದ ವಸ್ತು ತೆಗೆಯುವುದು. ಮೊದಲನೆಯದು ಕೈಕೊಟ್ಟಿತು, ಎರಡನೆಯದು ವರ್ಷ ಉಳಿಸಿತು. ನನ್ನ ಓಟು ಫರ್ಮೆಂಟೇಶನ್‌ಗೆ.

ಬದಿಯಡ್ಕದ ನಮ್ಮ ತೋಟದಿಂದಲೇ ನೇಂದ್ರ ಬಾಳೆಯ ಕಂದು ಕಿತ್ತು ತಂದಿದ್ದೆ. ಆಸೆ ಜಾಸ್ತಿ ಇತ್ತು. ಸಿಪ್ಪೆ ಸುಲಿದು, ಹೊರಗಿನ ಸೂಕ್ಷ್ಮಜೀವಿ ಸಾಯಲೆಂದು ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಅದ್ದಿ ತೊಳೆದು, ಎಂಎಸ್ ಮೀಡಿಯಮ್ (ಗಿಡಕ್ಕೆ ಬೇಕಾದ ಪೋಷಕಾಂಶಗಳ ಮಿಶ್ರಣ) ಇರುವ ಬಾಟಲಿಯಲ್ಲಿ ಇಟ್ಟೆ. ತುಂಡುಗಳು ಉಬ್ಬಿ ಹಸಿರಾದವು. ಎರಡನೇ ಸಬ್‌ಕಲ್ಚರ್ (ತುಂಡು ಮಾಡಿ ಹೊಸ ಬಾಟಲಿಗೆ ಹಾಕುವುದು) ಆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಬುಡದ ಸುತ್ತ, ಮೀಡಿಯಮ್ಮನ್ನು ಗಟ್ಟಿ ಮಾಡುವ ಅಗರಿನೊಳಗೆ ಗಂಜಿತಿಳಿಯಂಥ ಬಿಳಿ ಮಸುಕು.

ಬೂಷ್ಟಾದರೆ ಮೂರ್ನಾಲ್ಕು ದಿನದಲ್ಲೇ ಕಾಣುತ್ತದೆ, ಬಾಟಲಿ ಎಸೆದರೆ ಮುಗಿಯಿತು. ಇದು ಬಾಳೆಯ ಒಳಗೇ ಇರುವ ಬ್ಯಾಕ್ಟೀರಿಯಾ. ಹೊರಗೆ ಎಷ್ಟು ತೊಳೆದರೂ ಸಾಯುವುದಿಲ್ಲ. ವಾರಗಟ್ಟಲೆ ಸುಮ್ನೆ ಕೂತು ಆಮೇಲೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಒಂದೇ ಕಂದಿನ ತುಂಡು ಹತ್ತು ಬಾಟಲಿಗೆ ಹೋಗಿರುತ್ತದೆ, ಅದೇ ಅಲ್ವಾ ಸಂಕಟ! ಆಂಟಿಬಯೋಟಿಕ್ ಹಾಕಿದೆ. ಮಸುಕು ಕಡಿಮೆಯಾಯಿತು, ಚಿಗುರೂ ಸೊರಗಿತು. ನಿಲ್ಲಿಸಿದ ಕೂಡಲೇ ಮತ್ತೆ ಬಂತು. 40 ಬಾಟಲಿಯಲ್ಲಿ ಉಳಿದದ್ದು 6. ನಾಲ್ಕು ತಿಂಗಳು ನೀರಿಗೆ ಹೋಯಿತು. ಅವತ್ತು ಲ್ಯಾಬಿನಲ್ಲೇ ಅತ್ತಿದ್ದೆ.

ಆಮೇಲೆ ಬೂಸಾ. ಅಮ್ಮ ಹಸುವಿಗೆ ತಂದಿಟ್ಟ ಗೋಧಿ ಬೂಸಾದಲ್ಲೇ ಒಂದು ಕಿಲೋ ಕಟ್ಟಿಕೊಂಡು ಹೋದೆ. ಫ್ಲಾಸ್ಕಿಗೆ 5 ಗ್ರಾಂ ಹಾಕಿ, ನೀರಿನಲ್ಲಿ ಹದ ಮಾಡಿ, ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ಇಟ್ಟು ತೆಗೆದು ಆರಿದ ಮೇಲೆ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು ಬಿಟ್ಟೆ. ಮೂರನೇ ದಿನ ಬೂಸಾ ಹತ್ತಿಯ ಹಾಗೆ ಬೆಳ್ಳಗೆ ಕಟ್ಟಿಕೊಂಡಿತ್ತು. ಐದನೇ ದಿನ ಮೇಲೆಲ್ಲ ಕಪ್ಪು ಮಸಿ. ಬಫರ್ (ಆಮ್ಲದ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) ಹಾಕಿ ಕಲಸಿ ಬಟ್ಟೆಯಲ್ಲಿ ಹಿಂಡಿದರೆ ಅಮೈಲೇಸ್, ಅಂದರೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಇರುವ ರಸ. ಅದನ್ನು ಪಿಷ್ಟದ ಜೊತೆ ಇಟ್ಟು, ಸಕ್ಕರೆ ಇದ್ದಷ್ಟು ಬಣ್ಣ ಕೊಡುವ ಡಿಎನ್‌ಎಸ್ ರಾಸಾಯನಿಕ ಹಾಕಿ ಕುದಿಸಿ, ಆ ಬಣ್ಣವನ್ನು 540 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದರೆ ಕಿಣ್ವ ಎಷ್ಟು ಕೆಲಸ ಮಾಡಿತು ಎಂಬ ಅಂಕಿ ಕೈಗೆ ಬರುತ್ತದೆ. ಕೆಟ್ಟರೆ ಹೋಗುವುದು ಒಂದೇ ವಾರ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಟಿಶ್ಯೂ ಕಲ್ಚರಿನಲ್ಲಿ ಲೀಟರ್ ಮೀಡಿಯಮ್ಮಿಗೆ 8 ಗ್ರಾಂ ಅಗರ್, 30 ಗ್ರಾಂ ಸಕ್ಕರೆ. ಅಗರಿನ ಬಿಲ್ಲೇ ನನ್ನ ಜೇಬಿಗೆ ಭಾರವಾಗಿತ್ತು.

ನಾನು ವಾರವಾರ ಊರಿಗೆ ಹೋಗುವವಳು. ಸೋಮವಾರ ಹಾಕಿದ ಫ್ಲಾಸ್ಕನ್ನು ಶನಿವಾರ ಬೆಳಿಗ್ಗೆ ಹಿಂಡಿ ಮಧ್ಯಾಹ್ನದ ಬಸ್ಸು ಹಿಡಿಯಬಹುದು.

ಕೈ ಪಳಗಿದ್ದು ಮಾತ್ರ ಟಿಶ್ಯೂ ಕಲ್ಚರಿನಲ್ಲೇ. ಲ್ಯಾಮಿನಾರ್ (ಸೋಸಿದ ಶುದ್ಧ ಗಾಳಿ ಬೀಸುವ ಮೇಜು) ಮುಂದೆ ಅಷ್ಟು ದಿನ ಕೂತಿದ್ದರಿಂದಲೇ ನನ್ನ ಫ್ಲಾಸ್ಕುಗಳು ಕೆಡಲಿಲ್ಲ.

ಟಿಶ್ಯೂ ಕಲ್ಚರೇ ಬೇಕು ಅನ್ನುವವರು ತೆಂಗನ್ನು ಮುಟ್ಟಬೇಡಿ, ಅದು ಆರು ತಿಂಗಳಲ್ಲಿ ಆಗುವ ಕೆಲಸವಲ್ಲ. ಬಾಳೆಯಾದರೆ ತೋಟದ ಕಂದು ಬೇಡ. ಬ್ಯಾಕ್ಟೀರಿಯಾ ಇಲ್ಲ ಎಂದು ಪರೀಕ್ಷೆಯಾದ ಕಲ್ಚರನ್ನೇ ಕೇಳಿ ತನ್ನಿ.