ರೋಡ್‌ಕಿಂಗ್‌ಗೆ ಹೊಸ ಪೆಟ್ರೋಲ್ ಕಾಕ್: ಐದು ತಿಂಗಳು ಓಡಿಸಿದ ಮೇಲೆ

ಅಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಈಗ ನನ್ನ ಹತ್ತಿರ ಇದೆ. ಅದಕ್ಕೆ ಈ ವರ್ಷ ಎರಡು ಸಲ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕ್ ಕೆಳಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ, ಬದಲಾಯಿಸಿದೆ. ಮೊದಲನೆಯದು ಸೋರಿ ಸೋರಿ ಮೂರೇ ತಿಂಗಳಿಗೆ ಹಾಳಾಯಿತು. ಎರಡನೆಯದು ಹಾಕಿ ಐದು ತಿಂಗಳಾಯಿತು, ಇನ್ನೂ ಒಂದು ಹನಿ ಬಿದ್ದಿಲ್ಲ. ಹಳೆ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ನೋಡಲು ಚೆನ್ನಾಗಿತ್ತು, ಫಳಫಳ ಅಂತ ಹೊಳೆಯುತ್ತಿತ್ತು. 280 ರೂಪಾಯಿ. ಎಲ್ಲಿ ತಂದೆ ಅನ್ನುವುದು ಬೇಡ. ಕೆಲವು ವಾರಕ್ಕೇ ಲಿವರ್ ಬುಡದಲ್ಲಿ ಒಂದು ಹನಿ ನಿಲ್ಲೋಕೆ ಶುರುವಾಯಿತು. ಒರೆಸಿದರೆ ಹತ್ತು ನಿಮಿಷಕ್ಕೆ ಮತ್ತೆ ಅಲ್ಲೇ. ಪೆಟ್ರೋಲ್ ಆರಿಹೋಗುತ್ತದೆ, ಅದರಲ್ಲಿ ಬೆರೆಸಿದ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಮಾತ್ರ ಅಂಟಂಟಾಗಿ ಕಂದು ಬಣ್ಣಕ್ಕೆ ಉಳಿಯುತ್ತದೆ. ನಿಮ್ಮ ಗಾಡಿಯ ಕಾಕ್ ಕೆಳಗೆ ಅಂಥ ಜಿಡ್ಡು ಕಂಡರೆ ಅದು ಸೋರುತ್ತಿದೆ ಅಂತಲೇ ಅರ್ಥ. ಆಮೇಲೆ ಒಳಗಿನಿಂದಲೂ ಸೋರಿತು, ಅಂದರೆ ಆಫ್ ಮಾಡಿದರೂ ಕಾರ್ಬುರೇಟರ್‌ಗೆ ಪೆಟ್ರೋಲ್ ಇಳಿಯುತ್ತಲೇ ಇತ್ತು. ಬೆಳಿಗ್ಗೆ ಹತ್ತು ಕಿಕ್ ಹೊಡೆದರೂ ಗಾಡಿ ಏಳಲಿಲ್ಲ. ಪ್ಲಗ್ ಬಿಚ್ಚಿದರೆ ಪೂರ್ತಿ ಒದ್ದೆ.

ಇದಕ್ಕಿಂತ ಕೋಪ ಬಂದಿದ್ದು ರಿಸರ್ವ್ ವಿಷಯಕ್ಕೆ. ಕಾಕ್‌ನ ಮೇಲೆ, ಟ್ಯಾಂಕ್ ಒಳಗೆ ನಿಲ್ಲುವ ಒಂದು ಉದ್ದ ಪೈಪ್ ಇರುತ್ತದಲ್ವಾ, ಆನ್‌ನಲ್ಲಿ ಪೆಟ್ರೋಲ್ ಬರುವುದು ಅದರ ತುದಿಯಿಂದ. ಮಟ್ಟ ಅದಕ್ಕಿಂತ ಕೆಳಗೆ ಇಳಿದಾಗ ಗಾಡಿ ಮುಗ್ಗರಿಸುತ್ತದೆ, ನಾವು ರಿಸರ್ವ್‌ಗೆ ತಿರುಗಿಸುತ್ತೇವೆ, ಆಗ ತಳದ ತೂತಿನಿಂದ ಬರುತ್ತದೆ. ಆ ಕಾಕ್‌ನಲ್ಲಿ ಪೈಪೇ ಗಿಡ್ಡ. ಹಾಗಾಗಿ ರಿಸರ್ವ್‌ಗೆ ಅಂತ ಉಳಿಯುವುದೇ ಚೂರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ರಿಸರ್ವ್‌ಗೆ ತಿರುಗಿಸಿ ನಾಲ್ಕು ಕಿಲೋಮೀಟರ್ ಹೋಗಲಿಲ್ಲ, ನಾಯಂಡಹಳ್ಳಿ ಹತ್ತಿರ ನಿಂತೇಬಿಟ್ಟಿತು. ಬಂಕ್ ತನಕ ತಳ್ಳಿದೆ.

ಎರಡನೆಯದಕ್ಕೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸಲು ಜಾಗವೇ ಸಿಗಲ್ಲ. ನಾನು ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ಮಿನರ್ವ ಸರ್ಕಲ್ ಕಡೆಯಿಂದ ನಡೆದೆ. ಅಪ್ಪನ ಕಾಲದ ಕಾಕ್, ಸೋರಿದ ಕಾಕ್ ಎರಡೂ ಜೇಬಲ್ಲೇ ಇದ್ದವು, ಅದು ಬಹಳ ಮುಖ್ಯ. ಒಳಗಲ್ಲಿಯ ಒಂದು ಸಣ್ಣ ಅಂಗಡಿ, ಇಬ್ಬರು ನಿಂತರೆ ಭರ್ತಿ. ವಯಸ್ಸಾದ ಯಜಮಾನರು ಸೋರಿದ್ದನ್ನು ನೋಡಿ, "ಹೊಳಪು ನೋಡಿ ತಗೋಬೇಡಿ ಸಾರ್, ಬಿಚ್ಚಿ ನೋಡಿ" ಅಂತ ಅವರೇ ಹೊಸದರ ಸ್ಕ್ರೂ ಬಿಚ್ಚಿ ಕೈಗೆ ಕೊಟ್ಟರು. ಹಿತ್ತಾಳೆ ಬಾಡಿ, ಒಳಗೆ ವೈಟಾನ್ ಅನ್ನುವ ವಿಶೇಷ ರಬ್ಬರ್‌ನ ಸೀಲ್. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತದೆ, ಅದಕ್ಕೆ ಮಾಮೂಲಿ ರಬ್ಬರ್ ಜಾಸ್ತಿ ದಿನ ತಾಳಲ್ಲ, ಊದಿಕೊಳ್ಳುತ್ತದೆ, ಇಲ್ಲ ಬಿರುಕು ಬಿಡುತ್ತದೆ. ಪೈಪ್ ಉದ್ದವನ್ನು ಅಪ್ಪನ ಕಾಲದ ಕಾಕ್ ಪಕ್ಕ ಇಟ್ಟು ಅಳೆದೆವು. ಸಮ ಇತ್ತು. ಲಿವರ್ ಆಫ್ ಮಾಡಿ ಬಾಯಿಂದ ಊದಿಯೂ ನೋಡಿದೆ, ಗಾಳಿ ದಾಟಲಿಲ್ಲ. 750 ರೂಪಾಯಿ, ಎರಡು ಫೈಬರ್ ವಾಷರ್ ಸೇರಿ. ಇಷ್ಟು ತಾಳ್ಮೆಯಿಂದ ತೋರಿಸುವ ಅಂಗಡಿ ನನಗೆ ಬೇರೆ ಸಿಕ್ಕಿಲ್ಲ.

ಹಾಕುವ ಕೆಲಸ ಮನೆಯಲ್ಲೇ ಮಾಡಿದೆ, ಅರ್ಧ ಗಂಟೆ. ಟ್ಯಾಂಕ್ ಖಾಲಿ ಮಾಡುವುದು ಮಾತ್ರ ಬಯಲಲ್ಲೇ ಆಗಬೇಕು, ಅಡುಗೆಮನೆ ಹತ್ತಿರ ಬೇಡವೇ ಬೇಡ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಕಿತ್ತು ಬಂದು ಕಾರ್ಬುರೇಟರ್‌ನ ಸಣ್ಣ ತೂತಿನಲ್ಲಿ (ಜೆಟ್) ಸಿಕ್ಕಿಕೊಂಡರೆ ಇನ್ನೊಂದು ತಲೆನೋವು. ವಾಷರ್ ಸರಿಯಾಗಿ ಕೂತರೆ ಸಾಕು.

ಕಾರ್ಬುರೇಟರ್‌ಗೆ ಟ್ಯೂಬ್ ಸಿಕ್ಕಿಸುವ ಮೊದಲು ಒಂದು ಬಾಟಲಿಗೆ ಬಿಟ್ಟು ನೋಡಿ. ನನ್ನದು ಅರ್ಧ ಲೀಟರ್ ತುಂಬಲು ಎರಡು ನಿಮಿಷ ತಗೊಂಡಿತು. ನಿಧಾನ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ: 60ರ ವೇಗದಲ್ಲಿ ಲೀಟರಿಗೆ 30 ಕೊಟ್ಟರೆ ಗಂಟೆಗೆ ಬೇಕಾಗುವುದು 2 ಲೀಟರ್, ನಿಮಿಷಕ್ಕೆ 33 ಮಿಲಿ ಅಷ್ಟೇ. ಟ್ಯಾಂಕ್ ಮುಚ್ಚಳ ಹಾಕಿಯೇ ಪರೀಕ್ಷೆ ಮಾಡಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಹರಿವು ನಿಂತುಹೋಗುತ್ತದೆ, ಸುಮ್ನೆ ಕಾಕ್ ಮೇಲೆ ತಪ್ಪು ಹೊರಿಸುತ್ತೇವೆ.

ಕೊರತೆ ಎರಡಿವೆ. ಲಿವರ್ ಬಿಗಿ, ಗ್ಲೌಸ್ ಹಾಕಿಕೊಂಡು ತಿರುಗಿಸಲು ಕಷ್ಟ. ಇನ್ನೊಂದು, ಉದ್ದ ಪೈಪ್‌ಗೆ ಜಾಲರಿ ಇದೆ, ರಿಸರ್ವ್ ತೂತಿಗೆ ಇಲ್ಲ. ತಳದ ತುಕ್ಕೆಲ್ಲ ಬರುವುದೇ ಅಲ್ಲಿಂದ. ನಾನು ಟ್ಯೂಬ್ ಮಧ್ಯೆ ಒಂದು ಫಿಲ್ಟರ್ ಹಾಕಿಕೊಂಡೆ, 40 ರೂಪಾಯಿ. ಮೊನ್ನೆ ಬಿಚ್ಚಿ ನೋಡಿದಾಗ ಅದರ ತಳದಲ್ಲಿ ಕೆಂಪು ಪುಡಿ ಕೂತಿತ್ತು, ಆದರೆ ಕಾಕ್ ಹೊರಮೈ ಒಣಗಿಯೇ ಇತ್ತು.