ಬ್ಲೂ ಪಿಲ್ ಬೋರ್ಡಿನ ಸೀರಿಯಲ್ ಪೋರ್ಟ್: ನಾಲ್ಕು ವರ್ಷ ಬಳಸಿದ ಮೇಲೆ

ಮಾಳಿಗೆಯ ನೀರಿನ ಟ್ಯಾಂಕಿನ ಮಟ್ಟ ಅಳೆಯಲೆಂದು ನಾಲ್ಕು ವರ್ಷಗಳ ಹಿಂದೆ ಎಸ್‌ಟಿಎಂ32ಎಫ್103 ಚಿಪ್ ಇರುವ ಬ್ಲೂ ಪಿಲ್ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಕೊಂಡೆ. ಸಿದ್ಧ ಲೈಬ್ರರಿಗಳನ್ನು ಮುಟ್ಟದೆ, ಚಿಪ್ಪಿನೊಳಗಿನ ಪುಟ್ಟ ನೆನಪಿನ ಕೋಶಗಳಾದ ರಿಜಿಸ್ಟರುಗಳಿಗೆ ನಾನೇ ಬರೆದು, ಬಿಟ್‌ಗಳನ್ನು ಒಂದೊಂದಾಗಿ ಕಳಿಸುವ ಸೀರಿಯಲ್ ಪೋರ್ಟಿನಲ್ಲಿ ಅದನ್ನು ಮಾತನಾಡಿಸಬೇಕೆಂಬ ಹಟವಿತ್ತು.

ಕೆಲಸ ಚಿಕ್ಕದು. ಪಿನ್ನುಗಳ ಗುಂಪಾದ ಪೋರ್ಟ್ ಎ ಮತ್ತು ಚಿಪ್ಪಿನ ಸೀರಿಯಲ್ ಘಟಕವಾದ ಯುಸಾರ್ಟ್1 ಎರಡಕ್ಕೂ ಕ್ಲಾಕ್ (ಅವುಗಳನ್ನು ನಡೆಸುವ ಮಿಡಿತ) ಕೊಡಬೇಕು, ಸಂದೇಶ ಕಳಿಸುವ ಪಿಎ9 ಪಿನ್ನನ್ನು ಯುಸಾರ್ಟಿಗೆ ಒಪ್ಪಿಸಬೇಕು, ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ) ಬರೆಯಬೇಕು, ಮೂರು ಬಿಟ್ ಆನ್ ಮಾಡಬೇಕು. ಸಂದೇಶ ಪಡೆಯುವ ಪಿಎ10 ರೀಸೆಟ್ ಆದಾಗಲೇ ಇನ್‌ಪುಟ್ ಆಗಿರುತ್ತದೆ. ಕ್ಲಾಕ್ ಕೊಡುವುದನ್ನು ಮರೆತರೆ ಬರೆದದ್ದು ಯಾವುದೂ ರಿಜಿಸ್ಟರಿನಲ್ಲಿ ನಿಲ್ಲುವುದಿಲ್ಲ. ನನ್ನ ಮೊದಲ ಸಂಜೆ ಇಡೀ ಅದಕ್ಕೇ ಹೋಯಿತು.

ಚಿಪ್ ಎದ್ದಾಗ 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅದನ್ನು ನನ್ನ ಬಾಡ್ ರೇಟ್ ಆದ 115200ರಿಂದ ಭಾಗಿಸಿದರೆ 69.44. 69 ಎಂದು ಬರೆದರೆ ಶೇ. 0.6ರಷ್ಟು ವ್ಯತ್ಯಾಸ ಬರುತ್ತದೆ, ಅಡ್ಡಿಯಿಲ್ಲ. ಚಿಪ್ಪಿನ ವೇಗವನ್ನು 72 ಮೆಗಾಹರ್ಟ್ಸ್‌ಗೆ ಏರಿಸಿದ ದಿನ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಸುರಿದವು. ಅಲ್ಲಿ ಬೇಕಾದದ್ದು 625, ಶೇಷವೇ ಇಲ್ಲದ ಭಾಗಾಕಾರ.

ಕಳಿಸುವುದಕ್ಕಿಂತ ಪಡೆಯುವುದು ಕಷ್ಟ. 115200 ಬಾಡ್ ವೇಗದಲ್ಲಿ ಒಂದು ಅಕ್ಷರ ಸುಮಾರು 87 ಮೈಕ್ರೋಸೆಕೆಂಡಿನಲ್ಲಿ ಬರುತ್ತದೆ, ಅದನ್ನು ಇಟ್ಟುಕೊಳ್ಳಲು ಇರುವುದು ಒಂದೇ ಡೇಟಾ ರಿಜಿಸ್ಟರ್. ನನ್ನ ಪ್ರೋಗ್ರಾಂ ಸೆನ್ಸರಿನ ಪ್ರತಿಧ್ವನಿಗೆ ಕಾಯುತ್ತಿದ್ದಾಗ ಬಂದ ಅಕ್ಷರಗಳು ಒಂದರ ಹಿಂದೆ ಒಂದು ಕಳೆದುಹೋದವು. ಅಕ್ಷರ ಬಂದ ಕೂಡಲೇ ನಡೆಯುತ್ತಿರುವ ಕೆಲಸವನ್ನು ತಡೆದು ಅದನ್ನು ಎತ್ತಿಕೊಳ್ಳುವ ಇಂಟರಪ್ಟ್ ಹಾಕಿ, ಬಂದವನ್ನು ಸರದಿಯಲ್ಲಿ ಇಟ್ಟುಕೊಳ್ಳಲು 64 ಬೈಟ್‌ಗಳ ರಿಂಗ್ ಬಫರ್ ಬರೆದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಇನ್ನೊಂದು ಪಾಠ ತಡವಾಗಿ ತಿಳಿಯಿತು: ಟಿಎಕ್ಸ್‌ಇ ಎಂಬ ಬಿಟ್ ಹೇಳುವುದು ರಿಜಿಸ್ಟರ್ ಖಾಲಿಯಾಯಿತೆಂದಷ್ಟೇ. ಚಿಪ್ಪನ್ನು ನಿದ್ರೆಯಂಥ ಸ್ಟಾಪ್ ಮೋಡಿಗೆ ಕಳಿಸುವ ಮುನ್ನ, ಕಳಿಸುವುದು ಪೂರ್ತಿ ಮುಗಿಯಿತೆಂದು ಹೇಳುವ ಟಿಸಿ ಬಿಟ್‌ಗಾಗಿ ಕಾಯದಿದ್ದರೆ ಕೊನೆಯ ಅಕ್ಷರ ತಂತಿಯಲ್ಲೇ ತುಂಡಾಗುತ್ತದೆ.

ದೂರುಗಳೂ ಇವೆ. ಬೋರ್ಡಿನ ಯುಎಸ್‌ಬಿ ಕಿಂಡಿಗೂ ಯುಸಾರ್ಟ್1ಕ್ಕೂ ಸಂಬಂಧವಿಲ್ಲ, 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕು. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಎರಡನೆಯ ಬೋರ್ಡಿನಲ್ಲಿ ಇದ್ದದ್ದು ನಕಲು ಚಿಪ್. ಸೀರಿಯಲ್ ಸರಿಯಾಗಿಯೇ ನಡೆಯಿತು, ಆದರೆ ಚಿಪ್ಪಿನ ಗುರುತಿನ ಸಂಖ್ಯೆ ತಾಳೆಯಾಗದೆ, ಪ್ರೋಗ್ರಾಮಿನ ದೋಷ ಹುಡುಕುವ ಸಾಧನವಾದ ಡೀಬಗರ್ ಅದನ್ನು ಒಪ್ಪಲಿಲ್ಲ. ಹಣ ಕೊಟ್ಟು ಕೊಂಡವರಿಗೆ ಇದು ಅನ್ಯಾಯ.

ಆದರೂ ನಾನು ಈ ಬೋರ್ಡನ್ನು ಬಿಡದಿರುವುದು ಒಂದು ಸೌಕರ್ಯಕ್ಕಾಗಿ. ಬೂಟ್0 ಜಂಪರನ್ನು 1ಕ್ಕೆ ಇಟ್ಟು ರೀಸೆಟ್ ಒತ್ತಿದರೆ, ಚಿಪ್ಪಿನಲ್ಲೇ ಇರುವ ಬೂಟ್‌ಲೋಡರ್ ಅದೇ ಪಿಎ9, ಪಿಎ10 ತಂತಿಗಳ ಮೂಲಕ ಹೊಸ ಪ್ರೋಗ್ರಾಂ ತೆಗೆದುಕೊಳ್ಳುತ್ತದೆ. ಪ್ಯಾರಿಟಿ (ತಪ್ಪು ಪತ್ತೆಗೆಂದು ಸೇರಿಸುವ ಬಿಟ್) ಮಾತ್ರ ಈವನ್, ಅಂದರೆ ಸಮ, ಇರಬೇಕು. ಮೊನ್ನೆ ಮಾಳಿಗೆಗೆ ಲ್ಯಾಪ್‌ಟಾಪ್ ಒಯ್ದು, ಬೋರ್ಡನ್ನು ಡಬ್ಬಿಯಿಂದ ಹೊರತೆಗೆಯದೆಯೇ ಪ್ರೋಗ್ರಾಂ ಬದಲಿಸಿ ಬಂದೆ.